ಹಳೇದೂ ಇರಲಿ, ಹೊಸದೂ ನಡೀಲಿ

ಸೋದರಮಾವ ಕರಿಬಸಪ್ಪ ಫೋನಿನಲ್ಲಿ ಒಂದು ಮಾತು ಕಡಿಮೆ ಆಡಿದ್ದರೆ ಶಿವಯೋಗಿಗೆ ಆ ದಿನ ಯಾವ ತೊಂದರೆಯೂ ಇರುತ್ತಿರಲಿಲ್ಲ. ಆದರೆ ಕರಿಬಸಪ್ಪ ಒಂದು ಮಾತು ಕಡಿಮೆ ಆಡಿದ್ದನ್ನು ಹಾನಗಲ್ಲಿನಲ್ಲಿ ಈತನಕ ಯಾರೂ ಕೇಳಿಲ್ಲ. ನಿದ್ದೆಯಲ್ಲೂ ಅವನು ಯಾರದೋ ಮದುವೆ ಕುದುರಿಸುತ್ತಿರುತ್ತಾನೆಂದು ಅವನ ಹೆಂಡತಿಯೇ ಹೇಳಿಕೊಂಡು ತಿರುಗುತ್ತಾಳೆ.

ಬೆಳಿಗ್ಗೆ ಶಿವಯೋಗಿ ಬಸ್ ಸ್ಟ್ಯಾಂಡಿನ ಎದುರಿಗಿರುವ ತನ್ನ ಕಂಪ್ಯೂಟರ್ ಅಂಗಡಿಯ ಷಟರ್ ಎತ್ತುತ್ತಿದ್ದಾಗ ಮಾವ ಸ್ಕೂಟರ್ ನಿಲ್ಲಿಸಿ ಇಳಿದ. ಕೈಯಲ್ಲಿ ಪೇಡೆಯ ಡಬ್ಬಿ, ಮುಖದ ತುಂಬ ಗೆಲುವು.

“ಅಳಿಯಾ, ಕೆಲಸ ಆತಂತ ತಿಳಿ. ಹಿರೇಕೆರೂರಿನ ಶಿದ್ಲಿಂಗಪ್ಪನವರು ಸಂಜಿಕ ನಿನ್ನ ನೋಡಾಕ ಬರಾಕತ್ತಾರ.”

ಶಿವಯೋಗಿಯ ಕೈಯಿಂದ ಷಟರ್ ಜಾರಿತು. ಶಿದ್ಲಿಂಗಪ್ಪನವರ ಮಗಳು ಅಂಕಿತಾಳ ಫೋಟೋ ಮೊನ್ನೆಯಷ್ಟೇ ಅವನ ಮೊಬೈಲಿಗೆ ಬಂದಿತ್ತು. ಗೊಟಗೋಡಿಯ ರಾಕ್ ಗಾರ್ಡನ್ನಿನಲ್ಲಿ ಒಂದು ಸಿಮೆಂಟಿನ ಎಮ್ಮೆಯ ಪಕ್ಕ, ಬಿಸಿಲಿಗೆ ಕಣ್ಣು ಸಣ್ಣಗೆ ಮಾಡಿ, ನಗು ತಡೆಯಲಾರದೆ ನಿಂತಿದ್ದಳು. ಅದನ್ನು ಎಷ್ಟು ಸಲ ನೋಡಿದ್ದನೆಂದರೆ ಈಗ ಅವನಿಗೆ ಆ ಎಮ್ಮೆಯೂ ಚಂದ ಕಾಣತೊಡಗಿತ್ತು. ಮೂವತ್ತೈದು ದಾಟಿದ ಗಂಡಿಗೆ, ಅದೂ ಸರ್ಕಾರಿ ನೌಕರಿ ಇಲ್ಲದ ಗಂಡಿಗೆ, ಈ ಕಾಲದಲ್ಲಿ ಹೆಣ್ಣಿನ ಕಡೆಯವರು ತಾವಾಗಿ ಬಸ್ ಹತ್ತಿ ಬರುವುದೆಂದರೆ ಸಣ್ಣ ಮಾತಲ್ಲ. ಈ ಮೊದಲು ನೋಡಿದ ಕನ್ಯೆಗಳ ಮನೆಯವರು ಚಹಾ ಕುಡಿದು, ‘ಹೇಳಿ ಕಳಸ್ತೇವ್ರಿ’ ಎಂದು ಹೋದವರು ಇನ್ನೂ ಹೇಳಿ ಕಳಿಸುತ್ತಲೇ ಇದ್ದರು. ಈ ಸಂಬಂಧ ತಪ್ಪಿದರೆ ಮುಂದೆ ಯಾವುದೂ ಇಲ್ಲವೆಂದು ಶಿವಯೋಗಿ ಒಳಗೊಳಗೇ ಲೆಕ್ಕ ಹಾಕಿಬಿಟ್ಟಿದ್ದ.

“ಬರಲಿ ಮಾಮಾ, ಭಾಳ ಚಲೋ ಆತು,” ಎಂದ.

“ಬರೇ ನೋಡಾಕಲ್ಲೋ. ಹೆಸರಬಲಾನೂ ಇಲ್ಲೇ ನೋಡೂಣು ಅಂತ ಫೋನಿನ್ಯಾಗ ಮಾತು ಕೊಟ್ಟೇನಿ. ನಿನ್ನ ಮಷೀನಿನ್ಯಾಗ, ಅವರ ಕಣ್ಣಮುಂದ!”

“ಅವರು ಕೇಳಿದ್ರೇನು?”

“ಅವರು ಕೇಳೂದಕಿಂತ ಮದ್ಲ ನಾವ ಹೇಳಿದ್ರ ಅದರ ಗತ್ತ ಬ್ಯಾರೆ.”

ಶಿವಯೋಗಿ ಅರ್ಧ ಎತ್ತಿದ ಷಟರಿನ ಕೆಳಗೆ ಹಾಗೇ ಕುಕ್ಕರಿಸಿದ.

“ಮಾಮಾ, ಅದೀಗ ನಡ್ಯಂಗಿಲ್ಲ.”

ಹೆಸರಬಲ ಎಂದರೆ ಹುಡುಗ ಹುಡುಗಿಯ ಹೆಸರಿನ ಮೊದಲ ಅಕ್ಷರ ಹಿಡಿದು, ನಕ್ಷತ್ರ ಕೂಡಿಸಿ, ಮೂವತ್ತಾರರಲ್ಲಿ ಎಷ್ಟು ಗುಣ ಹೊಂದುತ್ತವೆಂದು ನೋಡುವ ಲೆಕ್ಕ. ಪಂಚಾಂಗ ಬಲ್ಲ ಯಾರಾದರೂ ಬೆರಳೆಣಿಸಿ ಹೇಳುತ್ತಾರೆ. ತೊಂದರೆ ಏನೆಂದರೆ ಮೂವರನ್ನು ಕೇಳಿದರೆ ಮೂರು ಉತ್ತರ ಬರುತ್ತದೆ. ಶಿವಯೋಗಿ ಅಂಗಡಿ ಇಟ್ಟ ಹೊಸತರಲ್ಲಿ ಎಲ್ಲಿಂದಲೋ ಒಂದು ಹೆಸರಬಲದ ಪ್ರೋಗ್ರಾಮ್ ತಂದು ಹಾಕಿಕೊಂಡಿದ್ದ. ಎರಡು ಹೆಸರು ಒತ್ತಿದರೆ ಸಾಕು, ಒಂದೇ ಉತ್ತರ, ಅದೂ ಕಾಗದದ ಮೇಲೆ. ಸುದ್ದಿ ಹಬ್ಬಿತು. ಹಾನಗಲ್ಲಿನವರಷ್ಟೇ ಅಲ್ಲ, ಶಿಗ್ಗಾವಿಯವರು, ಸವಣೂರಿನವರು, ಹಿರೇಕೆರೂರಿನವರು ಬಸ್ಸು ಹಿಡಿದು ಬಂದು ಹೆಸರು ಹಾಕಿಸಿಕೊಂಡು ಹೋದರು. ಈ ಭಾಗದ ಶಾಲೆಗಳಲ್ಲಿ ಈಗ ಮಗ್ಗಿ ಹೇಳುತ್ತಿರುವ ಮಕ್ಕಳಲ್ಲಿ ಎಷ್ಟೋ ಜನ ಶಿವಯೋಗಿಯ ಪ್ರಿಂಟರಿನಿಂದಲೇ ಹೊರಬಿದ್ದವರು ಎನ್ನಬಹುದು. ಅಂಥ ಮಷೀನಿನ ಮಾಲಕನೇ ಒಂಟಿಯಾಗಿ ಉಳಿದಿದ್ದ.

ಆದರೆ ಈಚೆಗೆ ಸರ್ಕಾರದ ಆನ್‌ಲೈನ್ ಅರ್ಜಿಗಳು ಅವನ ಹಳೆಯ ಸಿಸ್ಟಮ್ಮಿನಲ್ಲಿ ತೆರೆಯುವುದನ್ನು ನಿಲ್ಲಿಸಿದ್ದವು. ಅರ್ಜಿ ತುಂಬುವುದೇ ಅಂಗಡಿಯ ಅನ್ನ. ಹಾಗಾಗಿ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದ್ದ. ಹೊಸದು ಅರ್ಜಿಗಳನ್ನು ತೆರೆಯಿತು, ಆದರೆ ಹೆಸರಬಲದ ಪ್ರೋಗ್ರಾಮನ್ನು ಮೂಸಿಯೂ ನೋಡಲಿಲ್ಲ. ಒತ್ತಿದಾಗಲೆಲ್ಲ ಇದು ನನ್ನಲ್ಲಿ ನಡೆಯುವುದಿಲ್ಲವೆಂದು ಇಂಗ್ಲಿಷಿನಲ್ಲಿ ಹೇಳಿ ಸುಮ್ಮನಾಗುತ್ತಿತ್ತು.

“ಹಂಗಾರ ಹೊಸದು ಕಿತ್ತ ಒಗದು ಹಳೇದು ಹಾಕು!” ಎಂದ ಕರಿಬಸಪ್ಪ, ಎತ್ತಿನ ಗೂಟ ಬದಲಿಸಿದಷ್ಟು ಸಲೀಸಾಗಿ.

“ಕಿತ್ತ ಒಗದ ನೋಡ್ರಿ!” ಎಂದು ಬಾಗಿಲಲ್ಲಿ ಧ್ವನಿ ಬಂತು. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ದಾನವ್ವ. “ನಮ್ಮ ಮೊಮ್ಮಗಳು ಸವಿತಾನ ಹಾಸ್ಟೆಲ್ ಅರ್ಜಿಗೆ ಇವತ್ತ ಕಡೀ ದಿನ. ಅದು ಆಗೂ ತನಕಾ ಹೊಸದಕ್ಕ ಯಾರೂ ಕೈ ಹಚ್ಚಾಂಗಿಲ್ಲ. ಹೂಂ ಅಂದಿ ತಮ್ಮಾ, ಮರೀಬ್ಯಾಡ.”

“ಹೆಸರಬಲಕ್ಕ ಮಷೀನ ಕೆಟ್ಟೇತಿ ಅಂತ ಹೇಳಿದ್ರ ಆತಲ್ಲ ಮಾಮಾ?” ಶಿವಯೋಗಿ ಗೋಗರೆದ.

“ಮದವಿ ಮಾತಿನ್ಯಾಗ ಕೆಟ್ಟೇತಿ ಅನ್ನೂ ಶಬ್ದ ಬಾಯಾಗ ತರಬ್ಯಾಡ! ಮಷೀನ ಕೆಟ್ಟೇತಿ ಅಂದ್ರ ಹುಡುಗನ ನಸೀಬ ಕೆಟ್ಟೇತಿ ಅಂತ ತಿಳೀತಾರ.”

ಇಷ್ಟು ಗದ್ದಲ ಕೇಳಿದ ಮೇಲೆ ಶೇಖಸಾಬ ಬರದೆ ಇರುತ್ತಾನೆಯೇ? ಎದುರುಸಾಲಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಅವನದು. ಮೊಬೈಲ್ ಬಿಟ್ಟು ಬೇರೆಲ್ಲ ರಿಪೇರಿಯಲ್ಲೂ ಅವನಿಗೆ ಆಸಕ್ತಿ. ಸಂಗತಿ ಕೇಳಿ ಅವನು ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಂಡ.

“ಇದಕ್ಯಾಕ ಇಷ್ಟ ಚಿಂತಿ ಶಿವಣ್ಣಾ? ಹೊಸದೂ ಇರಲಿ, ಅದರ ಬಾಜೂಕ ಹಳೇದನ್ನೂ ಕುಂಡ್ರಸೂಣು. ಒಂದ ಮಷೀನು, ಎರಡು ಸಿಸ್ಟಮ್ಮು. ಬೇಕಾದಾಗ ಬೇಕಾದ್ದು ತಗಿ.”

ಶಿವಯೋಗಿಗೂ ಇದು ಗೊತ್ತಿತ್ತು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೆ ಎರಡೂ ಹೋಗುತ್ತವೆಂಬುದೂ ಗೊತ್ತಿತ್ತು. ಶೇಖಸಾಬನಿಗೆ ಮೊದಲನೆಯದು ಮಾತ್ರ ಗೊತ್ತಿತ್ತು. ಆದರೆ ಮಾವನೂ ದಾನವ್ವನೂ ಒಮ್ಮೆಲೇ ತಲೆಯಾಡಿಸಿದ್ದರಿಂದ ಶಿವಯೋಗಿಯ ಮಾತಿಗೆ ಜಾಗವೇ ಉಳಿಯಲಿಲ್ಲ.

ಮೊದಲು ಬೇಕಾದದ್ದು ಹಳೆಯ ಸಿಸ್ಟಮ್ಮಿನ ಸೀಡಿ. ಅಂಗಡಿಯ ಹಿಂದೆಯೇ ಮನೆ. ಶಿವಯೋಗಿ ಒಳಗೆ ಹೋಗಿ ಕಪಾಟು, ಟ್ರಂಕು, ಅಟ್ಟ ಎಲ್ಲ ಜಾಲಾಡಿದ. ತಾಯಿ ಸುಶೀಲವ್ವ ರೊಟ್ಟಿ ಬಡಿಯುತ್ತ ಕೇಳಿದಳು:

“ಏನ ಹುಡುಕಾಕತ್ತೀಯೋ ಯಪ್ಪಾ?”

“ಒಂದ ಸೀಡಿ ಇತ್ತಬೇ. ದುಂಡಗಿಂದು, ಹೊಳಿಯೂದು.”

“ಅದಾ? ಅದು ದೇವರ ಜಗಲಿ ಮ್ಯಾಲ ಐತಿ.”

ಶಿವಯೋಗಿ ಜಗಲಿಯತ್ತ ಓಡಿದ. ಹೋಗಿ ನೋಡಿದ. ಹಳದಿ ಬಟ್ಟೆಯ ಮೇಲೆ, ಮನೆದೇವರ ಪಕ್ಕದಲ್ಲೇ ಸೀಡಿ ಕೂತಿತ್ತು. ಪ್ರತಿವರ್ಷ ಖಂಡೆಪೂಜೆಗೆ ಕುಡಗೋಲು, ಕತ್ತರಿ, ಹೊಲಿಗೆ ಮಷೀನುಗಳ ಜೊತೆಗೆ ಅದಕ್ಕೂ ಪೂಜೆಯಾಗಿತ್ತು. ಹೊಳೆಯುವ ಬದಿಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಮೂರು ಬೆರಳಿನ ವಿಭೂತಿ, ನಡುವಿನ ತೂತಿನ ಸುತ್ತ ಕುಂಕುಮ.

“ಅವ್ವಾ, ಇದರ ಮ್ಯಾಲ ಯಾಕ ಹಚ್ಚಿದಿ?”

“ಮನೀಗೆ ಅನ್ನಾ ಹಾಕಿದ್ದಲ್ಲೇನು ಅದು? ಹೊಳಿಯೂ ಕಡೆ ಮುಖ ಅಂತ ತಿಳದು ಅಲ್ಲೇ ಹಚ್ಚೇನಿ. ಬೆನ್ನಿಗೆ ಹಚ್ಚಾಕ ಬರತೈತೇನು?”

ಶಿವಯೋಗಿ ಸೀಡಿ ಎತ್ತಿಕೊಂಡ. ಅಂಗಡಿಗೆ ತಂದು ಬಟ್ಟೆಯಿಂದ ಒರೆಸಿದರೆ ವಿಭೂತಿ ಹೋಯಿತು, ಗೆರೆ ಹೋಗಲಿಲ್ಲ. ಕಂಪ್ಯೂಟರಿಗೆ ಹಾಕಿದರೆ ಅದು ಒಳಗೇ ಜೋಳ ಬೀಸುವ ಸದ್ದು ಮಾಡಿ ಸೀಡಿಯನ್ನು ಹೊರಗೆ ಉಗುಳಿತು. ಶೇಖಸಾಬ ಓಡಿಹೋಗಿ ಟೂತ್‌ಪೇಸ್ಟ್ ತಂದ.

“ಇದನ್ನ ತಿಕ್ಕಿದ್ರ ಗೀರೆಲ್ಲಾ ಮಾಯ. ನನ್ನ ಅನುಭವ ಐತಿ.”

ಅವನು ತಿಕ್ಕಿದ. ಕರಿಬಸಪ್ಪ, ನೀನು ಅಡ್ಡ ತಿಕ್ಕುತ್ತೀ, ಉದ್ದಕ್ಕೆ ತಿಕ್ಕಬೇಕು ಎಂದು ಕಸಿದುಕೊಂಡು ತಾನು ತಿಕ್ಕಿದ. ಸುಶೀಲವ್ವ ಹೊರಬಂದು, ದೇವರ ಮೇಲಿನದ್ದಕ್ಕೆ ಹಲ್ಲುಪುಡಿ ಹಚ್ಚಿದಿರಾ ಎಂದು ಹಣೆ ಬಡಿದುಕೊಂಡಳು. ಶಿವಯೋಗಿ ಮಾತ್ರ ಮೊಬೈಲಿನಲ್ಲಿದ್ದ ಅಂಕಿತಾಳ ನಗುಮುಖ ಒಮ್ಮೆ ನೋಡಿ, ಹಲ್ಲು ಕಚ್ಚಿ, ಸೀಡಿಯನ್ನು ತೊಳೆದು ಒಳಗೆ ತಳ್ಳಿದ. ಅದು ಯಾವ ಪುಣ್ಯಕ್ಕೋ ಈ ಸಲ ಓದತೊಡಗಿತು.

“ಈಗ ಡಿಸ್ಕಿನ್ಯಾಗ ಪಾಲು ಮಾಡಬೇಕು,” ಎಂದು ಶೇಖಸಾಬ ಕರಿಬಸಪ್ಪನಿಗೆ ಬಿಡಿಸಿ ಹೇಳಿದ. “ಒಂದ ಮನಿ, ನಡುವ ಒಂದ ಗ್ವಾಡಿ. ಈ ಕಡೆ ಹೊಸದು, ಆ ಕಡೆ ಹಳೇದು.”

ಕರಿಬಸಪ್ಪ ಕುರ್ಚಿಯಿಂದ ಎದ್ದೇಬಿಟ್ಟ. ಅವನಿಗೂ ಅವನ ಅಣ್ಣನಿಗೂ ತಿಳವಳ್ಳಿ ಕಡೆಯ ಗದ್ದೆಯ ಪಾಲಿನ ಸಲುವಾಗಿ ಎಷ್ಟೋ ವರ್ಷದಿಂದ ಕೋರ್ಟಿನಲ್ಲಿ ವ್ಯಾಜ್ಯ ನಡೆದಿದೆ.

“ಪಾಲು ಅನ್ನೂ ಶಬ್ದ ಇವತ್ತ ಈ ಅಂಗಡ್ಯಾಗ ಬರಕೂಡದು! ಸಂಬಂಧ ಕೂಡೂ ದಿನ ಮನ್ಯಾಗ ಗ್ವಾಡಿ ಕಟ್ಟತಾರೇನು?”

“ಮತ್ತೇನ ಅನ್ನಬೇಕ್ರಿ ಮಾವ್ರ?”

“ಕೂಡಿ ಬಾಳೂದು ಅನ್ನು.”

“ಆತು, ಕೂಡಿ ಬಾಳಾಕ ಡಿಸ್ಕ ಹರಿಯೂಣು,” ಎಂದ ಶೇಖಸಾಬ.

“ಹಳೇದಕ್ಕ ಎಷ್ಟ ಕೊಡ್ತಿ?” ಎಂದು ಮಾವ ಅಳಿಯನನ್ನು ಕೇಳಿದ.

“ಅದು ಸಣ್ಣದು ಮಾಮಾ. ಹತ್ತರಾಗ ಒಂದ ಪಾಲು ಸಾಕು.”

“ಹಿರಿಯಾಂವಗ ಹತ್ತರಾಗ ಒಂದು? ನಮ್ಮಣ್ಣನೂ ನನಗ ಹಿಂಗ ಅಂದಿದ್ದ! ಅರ್ಧಕ್ಕರ್ಧ ಕೊಡು.”

“ಯಾರ್ರಿ ಅದು ಅರ್ಧ ಕೇಳಾಕತ್ತಾರು?” ದಾನವ್ವ ಹೂವಿನ ಮೊಳ ಹಿಡಿದುಕೊಂಡೇ ಒಳನುಗ್ಗಿದಳು. “ಹೊಸದರಾಗ ನಮ್ಮ ಸವಿತಾನ ಅರ್ಜಿ ಐತಿ. ಅದರ ಜಾಗಾ ಕಡಿಮಿ ಆತಂದ್ರ ನಾ ಸುಮ್ನಿರಂಗಿಲ್ಲ.”

ಡಿಸ್ಕಿನ ಜಾಗ ಕಡಿಮೆಯಾದರೆ ಹಾಸ್ಟೆಲಿನ ಕೋಣೆ ಸಣ್ಣದಾಗುವುದಿಲ್ಲವೆಂದು ಅವಳಿಗೆ ತಿಳಿಹೇಳುವುದರಲ್ಲಿ ಶಿವಯೋಗಿಯ ಗಂಟಲು ಒಣಗಿತು. ಹಾದಿಯಲ್ಲಿ ಹೋಗುವವರು ನಿಂತು, ಯಾರ ಹೊಲ, ಎಷ್ಟು ಎಕರೆ ಎಂದು ವಿಚಾರಿಸತೊಡಗಿದರು. ಕೊನೆಗೆ ಪಂಚಾಯಿತಿ ಮುಗಿಯಲೆಂದು ಅವನು ಅರ್ಧಕ್ಕೇ ಗೆರೆ ಎಳೆದ. ಕರಿಬಸಪ್ಪನಿಗೆ ಕೋರ್ಟಿನಲ್ಲಿ ಸಿಗದ ನ್ಯಾಯ ಸಿಕ್ಕಂತಾಗಿ ಕಣ್ಣಲ್ಲಿ ನೀರೇ ಬಂತು.

ಹಳೆಯ ಸಿಸ್ಟಮ್ ಇಳಿಯತೊಡಗಿತು. ಇಳಿಯಿತು, ಇಳಿಯಿತು, ಇಳಿಯುತ್ತಲೇ ಇತ್ತು. ಪರದೆಯ ಮೇಲಿನ ಹಸಿರು ಪಟ್ಟಿ ಒಂದು ಕಡೆ ನಿಂತರೆ ಅಲ್ಲೇ ನಿಂತುಬಿಡುತ್ತಿತ್ತು. ಶೇಖಸಾಬ ಕಂಪ್ಯೂಟರ್ ಡಬ್ಬಿಯ ನೆತ್ತಿಗೆ ತಟ್ಟಿದಾಗ ಮುಂದೆ ಹೋಗುತ್ತಿತ್ತು. ತಟ್ಟಿದ್ದರಿಂದ ಹೋಯಿತೋ, ಹೋಗುವಾಗ ಅವನು ತಟ್ಟಿದನೋ, ಅಂತೂ ಆ ಹೆಗ್ಗಳಿಕೆಯನ್ನು ಅವನು ಬಿಟ್ಟುಕೊಡಲಿಲ್ಲ. ಮಧ್ಯಾಹ್ನ ಕಳೆದು ಬಿಸಿಲು ಅಂಗಡಿಯ ಹೊಸ್ತಿಲಿಗೆ ಬಂದಾಗ ಕಂಪ್ಯೂಟರ್ ತಾನಾಗಿ ನಿಂತು, ತಾನಾಗಿ ಎದ್ದಿತು. ಹಳೆಯ ನೀಲಿ ಪರದೆ, ಹಳೆಯ ಗಂಟೆಯ ಸದ್ದು! ಕರಿಬಸಪ್ಪ ಚಪ್ಪಾಳೆ ಹೊಡೆದ. ಸುಶೀಲವ್ವ ಕೈಮುಗಿದಳು.

“ಹೊಸದೆಲ್ಲೆ?” ಎಂದು ಕೇಳಿದವಳು ದಾನವ್ವ ಒಬ್ಬಳೇ.

ಎಲ್ಲಿ? ಶಿವಯೋಗಿ ಬಂದ್ ಮಾಡಿ ಚಾಲೂ ಮಾಡಿದ. ಹಳೆಯದೇ ಬಂತು. ಇನ್ನೊಮ್ಮೆ ಮಾಡಿದ. ಮತ್ತೆ ಹಳೆಯದೇ. ಅರ್ಧ ಜಾಗ ಪಡೆದ ಹಿರಿಯ ಬಂದವನೇ ಹೊಸಬನ ಬಾಗಿಲಿಗೆ ಬೀಗ ಜಡಿದಿದ್ದ. ಶಿವಯೋಗಿ ಹೆದರಿದ್ದು ಇದಕ್ಕೇ.

“ನನ್ನ ಮೊಮ್ಮಗಳ ಬಾಳ್ವೆ ಹಾಳ ಮಾಡಿದ್ಯಲ್ಲೋ ತಮ್ಮಾ!” ಎಂದು ದಾನವ್ವ ಹೊಸ್ತಿಲ ಮೇಲೆ ಕೂತು ರಾಗ ತೆಗೆದಳು. “ನಿನ್ನ ಲಗ್ನದ ಸಲುವಾಗಿ ನಮ್ಮ ಕೂಸಿನ ಸಾಲಿ ಬಿಡಸಾಕತ್ತೀಯಲ್ಲೋ!”

ಲಗ್ನ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಹಾದಿಯವರೆಲ್ಲ ಇದೇನೋ ಬೇರೆ ಪ್ರಕರಣವೆಂದು ತಿಳಿದು ಒಳಗೆ ಇಣುಕಿದರು. ಶಿವಯೋಗಿ ಕೈಮುಗಿದು, ಅವರನ್ನೆಲ್ಲ ಸಾಗಹಾಕಿ, ಹೊಸ ಸಿಸ್ಟಮ್ಮಿನ ಪೆನ್‌ಡ್ರೈವ್ ಹುಡುಕಿ ಸಿಗಿಸಿ, ಏನೇನೋ ಇಂಗ್ಲಿಷ್ ಸಾಲುಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ ಒತ್ತಿದ. ಒಂದು ಅಕ್ಷರ ತಪ್ಪಿತು. ಮತ್ತೆ ಒತ್ತಿದ. ಮಾವ ಹೆಗಲ ಮೇಲಿಂದ, “ಹಳೇದಕ್ಕ ಧಕ್ಕಿ ಆಗಬಾರದು, ನೋಡ್ಕೊ,” ಎನ್ನುತ್ತಿದ್ದ. ದಾನವ್ವ ಇನ್ನೊಂದು ಹೆಗಲ ಮೇಲಿಂದ, “ಹೊಸದು ಮದ್ಲ,” ಎನ್ನುತ್ತಿದ್ದಳು. ಶೇಖಸಾಬ ನೆತ್ತಿಗೆ ತಟ್ಟುತ್ತಿದ್ದ. ಇವರು ಮೂವರನ್ನೂ ಡಬ್ಬಿಯೊಳಗೆ ಹಾಕಿ ಸ್ಕ್ರೂ ತಿರುವಿಬಿಡಬೇಕೆನಿಸಿತು ಶಿವಯೋಗಿಗೆ.

ಅಂತೂ ಕರಿಯ ಪರದೆಯ ಮೇಲೆ ಎರಡು ಸಾಲು ಮೂಡಿದವು. ಒಂದು ಹಳೆಯದು, ಒಂದು ಹೊಸದು. ಯಾವುದು ಬೇಕೋ ಆರಿಸು, ಆರಿಸದಿದ್ದರೆ ಸ್ವಲ್ಪ ಹೊತ್ತಿಗೆ ನಾನೇ ಒಂದನ್ನು ತೆರೆಯುತ್ತೇನೆ ಎಂದು ಅದು ಕೇಳುತ್ತಿತ್ತು. ಶಿವಯೋಗಿ ಮೊದಲು ಹೊಸದನ್ನು ತೆರೆದು ಸವಿತಾಳ ಅರ್ಜಿ ಕಳಿಸಿ, ರಸೀದಿಯನ್ನು ದಾನವ್ವನ ಕೈಗಿತ್ತ. ಅವಳು ರಸೀದಿಯನ್ನು ಕುಪ್ಪಸದಲ್ಲಿ ಸಿಗಿಸಿಕೊಂಡು, ಇನ್ನು ಹೆಸರಬಲ ನೋಡಿಯೇ ಹೋಗುತ್ತೇನೆಂದು ಅಲ್ಲೇ ಕೂತಳು. ಬೀಗರೆದುರು ಎಡವಟ್ಟಾಗಬಾರದೆಂದು, ಯಾರೂ ಆರಿಸದಿದ್ದರೆ ಹಳೆಯದೇ ತೆರೆಯುವಂತೆ ಶಿವಯೋಗಿ ವ್ಯವಸ್ಥೆ ಮಾಡಿದ. ಹೆಸರಬಲದ ಪ್ರೋಗ್ರಾಮ್ ತೆರೆದ. ತೆರೆಯಿತು! ಒಂದೇ ಕೊರತೆ, ಪರದೆಯ ಸೆಟ್ಟಿಂಗ್ ಹೊಂದದೆ ಅಕ್ಷರಗಳು ಅಂಗಡಿಯ ಬೋರ್ಡಿನ ಅಕ್ಷರಗಳಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಅದನ್ನು ಸಣ್ಣದು ಮಾಡಲು ಹೊರಟವನ ಕೈಯನ್ನು ಮಾವ ಹಿಡಿದ.

“ಇರಲಿ ಬಿಡು. ವಯಸ್ಸಾದವರು, ಅವರ ಕಣ್ಣಿಗೂ ಕಾಣಲಿ. ಮಷೀನಿನ ಮುಖಾನೂ ಅವರ ಕಡೆ ತಿರುವು. ಮುಚ್ಚುಮರಿ ಮಾಡೂ ಮಂದಿ ನಾವಲ್ಲ.”

ಅಷ್ಟರಲ್ಲಿ ಶಿದ್ಲಿಂಗಪ್ಪನವರು ಬಂದರು. ಬಿಳಿ ಧೋತರ, ಹೆಗಲ ಮೇಲೆ ವಲ್ಲಿ, ಹಣೆಯ ತುಂಬ ವಿಭೂತಿ. ಮೆತ್ತಗೆ ಮಾತಾಡುವ ಮನುಷ್ಯ.

“ಬರ್ರಿ ಯಜಮಾನ್ರ, ಕುಂದರ್ರಿ. ಹುಡುಗಾ ಇವನ,” ಎಂದು ಕರಿಬಸಪ್ಪ ಅಳಿಯನನ್ನು ಮುಂದೆ ತಳ್ಳಿದ.

ಶಿವಯೋಗಿಯ ಕೆನ್ನೆಗೆ ಟೂತ್‌ಪೇಸ್ಟ್ ಹತ್ತಿತ್ತು, ಅಂಗಿಯ ತೋಳಿಗೆ ಧೂಳು. ಶಿದ್ಲಿಂಗಪ್ಪನವರು ಅವನನ್ನು ಒಂದು ಗಳಿಗೆ ನೋಡಿ ಮುಗುಳ್ನಕ್ಕರು.

“ದುಡಿಯೂ ಹುಡುಗಾ ಅದಾನ. ಚಲೋ ಆತು,” ಎಂದರು. ಊರು ಕೇರಿ, ಮಳೆ ಬೆಳೆ ವಿಚಾರಿಸಿದರು. ಸುಶೀಲವ್ವ ತಂದ ಅವಲಕ್ಕಿ ತಿಂದರು. ಅಂಕಿತಾ ಬಿ.ಎಡ್. ಮುಗಿಸಿದ್ದಾಳೆ, ಮಾತು ಕಡಿಮೆ, ನಗು ಜಾಸ್ತಿ ಎಂದರು. ಶಿವಯೋಗಿಯ ಎದೆಯಲ್ಲಿ ತಂಪು ಇಳಿಯಿತು. ಅವರು ಚಹಾದ ಬಟ್ಟಲು ಕೆಳಗಿಟ್ಟು, ಏನೋ ಹೇಳಲೆಂದು ಬಾಯಿ ತೆರೆದರು.

“ಹೆಸರಬಲ ಒಂದ ನೋಡಿಬಿಡೂಣ್ರಿ!” ಎಂದು ಕರಿಬಸಪ್ಪ ನಡುವೆ ಬಾಯಿ ಹಾಕಿದ.

ಶಿದ್ಲಿಂಗಪ್ಪನವರು ಅಚ್ಚರಿಯಿಂದ ಕಂಪ್ಯೂಟರಿನ ಕಡೆ ತಿರುಗಿದರು. “ಇದು ಚಾಲೂ ಐತೇನ್ರಿ?”

“ಚಾಲೂ ಅಂತೀರಿ? ಒಂದಿನಾ ನಿಂತಿಲ್ಲ! ಮನಶ್ಯಾ ಸುಳ್ಳ ಹೇಳಬಹುದು, ಈ ಮಷೀನ ಹೇಳಂಗಿಲ್ಲ. ಏನ ಶೇಖಸಾಬ?”

“ಹರಗೀಜ್ ಹೇಳಂಗಿಲ್ರಿ,” ಎಂದ ಶೇಖಸಾಬ.

“ನಮ್ಮ ಮಗಳದ್ದೂ ಇದರಾಗ ನೋಡೇವ್ರಿ. ಸುಖದಿಂದ ಅದಾಳ,” ಎಂದಳು ದಾನವ್ವ.

ಶಿವಯೋಗಿ ತನ್ನ ಹೆಸರು ಒತ್ತಿದ, ಅಂಕಿತಾಳ ಹೆಸರು ಒತ್ತಿದ. ಪರದೆಯ ತುಂಬ, ರಸ್ತೆಯ ಆಚೆ ನಿಂತವರಿಗೂ ಕಾಣುವಂತೆ, ಇಪ್ಪತ್ತೈದು ಎಂದು ಬಂತು. ಹದಿನೆಂಟು ಕೂಡಿದರೆ ಸಾಕು, ಲಗ್ನ ಮಾಡಬಹುದು. ಕರಿಬಸಪ್ಪ ಪೇಡೆಯ ಡಬ್ಬಿ ಬಿಚ್ಚಿ ಶಿದ್ಲಿಂಗಪ್ಪನವರ ಬಾಯಿಗೆ ತಾನೇ ಒಂದು ತುರುಕಿದ. ಶೇಖಸಾಬನಿಗೂ ದಾನವ್ವನಿಗೂ ಸಿಕ್ಕಿತು. ಶಿವಯೋಗಿ ದಿನವಿಡೀ ಪಟ್ಟ ಪಾಡನ್ನೆಲ್ಲ ಒಂದು ಪೇಡೆಯ ಜೊತೆ ನುಂಗಿಬಿಟ್ಟ. ಗೊಟಗೋಡಿಗೆ ಇಬ್ಬರೂ ಕೂಡಿ ಹೋಗಿ ಆ ಎಮ್ಮೆಯ ಮುಂದೆ ನಿಲ್ಲುವುದನ್ನೂ ಒಮ್ಮೆ ಕಲ್ಪಿಸಿಕೊಂಡ.

ಶಿದ್ಲಿಂಗಪ್ಪನವರು ಪೇಡೆ ಮುಗಿಸಿ ವಲ್ಲಿಯಿಂದ ಬಾಯಿ ಒರೆಸಿಕೊಂಡರು.

“ಹೆಂಗೂ ಚಾಲೂ ಐತಿ ಅಂದ ಮ್ಯಾಲ, ಇನ್ನೆರಡು ಹೆಸರು ಹಾಕಿಬಿಡ್ರೆಪಾ. ಮನ್ಯಾಗ ಮಾತಿನ್ಯಾಗ ಇದ್ದೂವು. ಮತ್ತ ಹಾನಗಲ್ಲಿಗೆ ಬರೂದು ಯಾವಾಗೋ.”

ಅಂಗಡಿಯಲ್ಲಿ ಪೇಡೆ ಅಗಿಯುವ ಸದ್ದು ನಿಂತಿತು.

“ಬ್ಯಾರೆ ಹೆಸರು ಯಾಕ್ರಿ ಯಜಮಾನ್ರ, ಇದು ಕೂಡೇತಲ್ಲ?” ಎಂದ ಕರಿಬಸಪ್ಪ.

“ನೀವ ಹೇಳಿದ್ರೆಲ್ಲ, ಮಷೀನ ಸುಳ್ಳ ಹೇಳಂಗಿಲ್ಲಂತ. ಹೆಣ್ಣ ಹೆತ್ತವರು ನಾವು, ಮನಸಿಗೆ ಸಮಾಧಾನ ಆಗಬೇಕ್ರಿ. ಶಿಗ್ಗಾವಿಯ ರಾಜಕುಮಾರ ಅಂತ ಒಬ್ಬಾಂವ. ಹಾಕ್ರಿ.”

ಹಾಕಿದ. ಹನ್ನೊಂದು. ಕರಿಬಸಪ್ಪ ಗಟ್ಟಿಯಾಗಿ ಉಸಿರುಬಿಟ್ಟು, “ಭಾಳ ಕಡಿಮಿ ಆತ್ರಿ, ಪಾಪ,” ಎಂದ.

“ಹತ್ತಿಮತ್ತೂರಿನ ಮಹಾಂತೇಶ.”

ಶಿವಯೋಗಿಗೆ ಈ ಪ್ರೋಗ್ರಾಮ್ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ‘ಮ’ ಎಂಬ ಅಕ್ಷರ ಕೇಳಿದ ಕೂಡಲೇ ಉತ್ತರ ಯಾವ ದಿಕ್ಕಿಗೆ ಹೋಗುತ್ತದೆಂದು ಅವನಿಗೆ ಅಂದಾಜಾಯಿತು. ನಿಧಾನವಾಗಿ ಹೆಸರು ಒತ್ತುತ್ತ, ಮೇಜಿನ ಕೆಳಗೆ ಮೊಣಕಾಲನ್ನು ಡಬ್ಬಿಯ ಗುಂಡಿಗೆ ಒತ್ತಿ ಹಿಡಿದ. ಪರದೆ ಕಪ್ಪಾಯಿತು.

“ಅಯ್ಯೋ, ಹೋತು!” ಎಂದ ಶಿವಯೋಗಿ. ಆ ದಿನ ಅವನು ನೆಮ್ಮದಿಯಿಂದ ಆಡಿದ ಮೊದಲ ಮಾತು ಅದು.

“ಎಲ್ಲಿ ಹೋಗತೈತಿ? ನಾ ಇದ್ದೇನಿ!” ಎಂದು ಶೇಖಸಾಬ ನುಗ್ಗಿ ಗುಂಡಿ ಒತ್ತಿ, ನೆತ್ತಿಗೆ ಎರಡು ತಟ್ಟಿದ. ಕಂಪ್ಯೂಟರ್ ಎದ್ದಿತು. ಕರಿಯ ಪರದೆಯ ಮೇಲೆ ಎರಡು ಸಾಲು ಬಂದು ನಿಂತವು.

ಕರಿಬಸಪ್ಪನಿಗೆ ಈಗ ಜ್ಞಾನೋದಯವಾಯಿತು. “ಹೊಸದು! ಹೊಸದು ಒತ್ತೋ!” ಎಂದು ಕೂಗಿದ. ಬೆಳಗಿನಿಂದ ಹಳೆಯದಕ್ಕಾಗಿ ಅರ್ಧ ಆಸ್ತಿ ಕೊಡಿಸಿದ ಮನುಷ್ಯ!

ಶಿವಯೋಗಿ ಕೀಲಿಗೆ ಬೆರಳು ಚಾಚಿದ. ಆದರೆ ಬೀಗರಿಗೆ ಎಲ್ಲ ಚೆನ್ನಾಗಿ ಕಾಣಲೆಂದು ಮಾವ ಕೀಬೋರ್ಡನ್ನೂ ಅವರ ಕಡೆಗೇ ತಿರುಗಿಸಿದ್ದ. ಬೆರಳು ಅತ್ತಿತ್ತ ತಡಕಾಡುವಷ್ಟರಲ್ಲಿ ಗಡುವು ಮುಗಿದು ಹಳೆಯ ನೀಲಿ ಪರದೆ ಬಂತು, ಹಳೆಯ ಗಂಟೆ ಬಾರಿಸಿತು. ಒಳಗಿಂದ ಬಂದ ಸುಶೀಲವ್ವ, “ಬಂತ ನೋಡ್ರಿ ಹಳೇದು! ಎಲ್ಲಾ ಆ ವಿಭೂತಿ ಮಹಿಮಾ,” ಎಂದು ಬೀಗರಿಗೆ ಇನ್ನೊಂದು ಬಟ್ಟಲು ಚಹಾ ಕೊಟ್ಟಳು.

ಮಹಾಂತೇಶ, ಅಂಕಿತಾ. ಮೂವತ್ತೆರಡು.

ರಸ್ತೆಯ ಆಚೆಯಿಂದ ಯಾರೋ, “ಮೂವತ್ತೆರಡೂ! ಭಾರೀ ಜೋಡಿ ನೋಡಪಾ!” ಎಂದು ಕೂಗಿದರು.

ಶಿದ್ಲಿಂಗಪ್ಪನವರು ಬಹಳ ಹೊತ್ತು ಪರದೆಯನ್ನು ನೋಡಿದರು. ಮುಖ ಸಣ್ಣದಾಗಿತ್ತು. ಎದ್ದು ಶಿವಯೋಗಿಯ ಹೆಗಲ ಮೇಲೆ ಕೈಯಿಟ್ಟರು.

“ತಮ್ಮಾ, ಖರೇ ಹೇಳ್ತೇನಿ, ಬ್ಯಾಸರಾ ಮಾಡ್ಕೊಬ್ಯಾಡ. ನಿಮ್ಮ ಮಷೀನ ನಿಂತೈತಂತ ನಮ್ಮ ತಿಳವಳ್ಳಿ ಅಳಿಯಾ ಮೊನ್ನೇನ ಹೇಳಿದ್ದ. ನಿಮ್ಮ ಮಾಮಾರು ಫೋನಿನ್ಯಾಗ ಸುಮ್ನ ಬಡಾಯಿ ಕೊಚ್ಚಾಕತ್ತಾರ ಅಂತ ನನಗ ಗೊತ್ತಿತ್ತು. ನಮ್ಮ ಅಂಕಿತಾಗ ನಿನ್ನ ಫೋಟೋ ಮನಸಿಗೆ ಬಂದಿತ್ತು. ಹೆಸರಬಲಾ ಗಿಸರಬಲಾ ಬ್ಯಾಡ, ಹುಡುಗನ್ನ ನೋಡೂದು, ಹೂಂ ಅಂದು ಬರೂದು, ಅಂತ ಬಸ್ ಹತ್ತಿದ್ದೆ. ಚಹಾ ಕುಡದು ಅದನ್ನ ಹೇಳಬೇಕಂದಿದ್ದೆ.”

ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ಕರಿಬಸಪ್ಪನೂ ಮಾತಾಡಲಿಲ್ಲ. ಹಾನಗಲ್ಲಿನಲ್ಲಿ ಅದು ಮೊದಲ ಸಲ.

“ಮತ್ತ ಈಗ ಹೂಂ ಅನ್ರೆಲ್ಲ,” ಎಂದ ಶಿವಯೋಗಿ. ಧ್ವನಿ ಅವನಿಗೇ ಕೇಳಿಸದಷ್ಟು ಸಣ್ಣಗಿತ್ತು.

“ಹೆಂಗ ಅನ್ನಲಿ? ಕಣ್ಣಲೆ ನೋಡಿದ ಮ್ಯಾಲ? ಇಷ್ಟು ಮಂದಿ ಓದಿದ ಮ್ಯಾಲ? ನಾಳೆ ಏನರ ಹೆಚ್ಚುಕಡಿಮಿ ಆದ್ರ, ಮಷೀನ ಹೇಳಿದ್ರೂ ಕೇಳಲಿಲ್ಲಂತ ಮಗಳ ಅಂತಾಳ. ನೋಡದಿದ್ರ ಚಲೋ ಇತ್ತು.” ಅವರು ನಿಟ್ಟುಸಿರು ಬಿಟ್ಟರು. “ಅದರದೊಂದು ಕಾಗದ ತಗದು ಕೊಡಪಾ. ಹತ್ತಿಮತ್ತೂರಿನವರಿಗೆ ತೋರಿಸಬೇಕು.”

ಪ್ರಿಂಟರ್ ಕರ್ರಕರ್ರೆಂದು ಮಹಾಂತೇಶನ ಮೂವತ್ತೆರಡು ಗುಣಗಳನ್ನು ಹೊರಹಾಕಿತು. ಶಿವಯೋಗಿ ಅದನ್ನು ಮಡಿಸಿ ಎರಡೂ ಕೈಯಿಂದ ಕೊಟ್ಟ. ಶಿದ್ಲಿಂಗಪ್ಪನವರು ಕಾಗದವನ್ನು ಕಣ್ಣಿಗೊತ್ತಿಕೊಂಡು, ಸುಶೀಲವ್ವನಿಗೆ ಕೈಮುಗಿದು, ಹಿರೇಕೆರೂರಿನ ಬಸ್ಸು ಹತ್ತಿದರು. ಅಂಕಿತಾಳ ಫೋಟೋವನ್ನು ಅಳಿಸಬೇಕೆಂದು ಶಿವಯೋಗಿ ಮೊಬೈಲ್ ಕೈಗೆತ್ತಿಕೊಂಡ. ಅಳಿಸಲು ಮನಸ್ಸಾಗಲಿಲ್ಲ.

ಮೊಬೈಲ್ ಕೈಯಲ್ಲಿದ್ದಾಗಲೇ ರಿಂಗಾಯಿತು. ಗುರುತಿಲ್ಲದ ನಂಬರು.

“ನಮಸ್ಕಾರ್ರಿ, ಸವಣೂರಿಂದ ಮಾತಾಡಾಕತ್ತೇನಿ. ನಿಮ್ಮ ಹೆಸರಬಲದ ಮಷೀನ ಮತ್ತ ಚಾಲೂ ಆಗೇತಂತ ಯಾರೋ ಹೇಳಿದ್ರು. ನಮ್ಮ ಮಗಳಿಗೆ ಒಬ್ಬ ಹುಡುಗಾ ಬಂದಾನ್ರಿ. ನಮಗ ಮನಸಿಗೆ ಬಂದಾನ, ಅಕೀಗೂ ಮನಸಿಗೆ ಬಂದಾನ. ಇದೊಂದ ನೋಡಿಬಿಟ್ರ ಮುಗೀತು. ನಾಳೆ ಬರ್ಲೇನ್ರಿ?”

“ಬಾ ಅನ್ನು, ಬಾ ಅನ್ನು!” ಎಂದು ಶೇಖಸಾಬ ಸನ್ನೆ ಮಾಡಿದ. “ಚಾಲೂ ಐತಲ್ಲ!”

ಶಿವಯೋಗಿ ಪರದೆಯ ಕಡೆ ನೋಡಿದ. ಮೂವತ್ತೆರಡು ಇನ್ನೂ ಅಲ್ಲೇ ಹೊಳೆಯುತ್ತಿತ್ತು. ಅವನು ಎಲ್ಲರಿಗೂ ಬೆನ್ನು ತಿರುಗಿಸಿ, ಫೋನನ್ನು ಬಾಯಿಯ ಹತ್ತಿರ ಹಿಡಿದ.

“ಇಲ್ರಿ, ಕೆಟ್ಟೈತಿ. ಪೂರಾ ಕೆಟ್ಟೈತಿ. ಬರಬ್ಯಾಡ್ರಿ. ಹುಡುಗಾ ಮನಸಿಗೆ ಬಂದಾನಂದ್ರ, ಇವತ್ತ ಫೋನ್ ಹಚ್ಚಿ ಹೂಂ ಅಂದುಬಿಡ್ರಿ.”